ನಂದಿ ಬೆಟ್ಟಕ್ಕೆ ಅವ್ವನನ್ನು ಕರೆದುಕೊಂಡು ಹೋಗುವುದು ಹೇಗೆ

ನನ್ನ ಅವ್ವನಿಗೆ ಎಪ್ಪತ್ತೊಂದು ವರ್ಷ. ಗದಗದ ಹತ್ತಿರದ ಹಳ್ಳಿಯವಳು. ಕಪ್ಪತಗುಡ್ಡ ನೋಡಿಕೊಂಡೇ ಬೆಳೆದವಳು. ಇದು ಬೇಕು, ಅದು ಬೇಕು ಅಂತ ಬಾಯಿಬಿಟ್ಟು ಕೇಳುವವಳಲ್ಲ. ಹೋದ ಚಳಿಗಾಲದಲ್ಲಿ ಯಲಹಂಕದ ನಮ್ಮ ಮನೆಗೆ ಬಂದಾಗ ಮಾತ್ರ ಮೊಬೈಲ್ ತೋರಿಸಿ, "ತಂಗೀ, ಇದು ನಿಮ್ಮ ಮನಿಗೆ ಸನ್ಯಾಕ ಐತಂತಲ್ಲ, ಒಮ್ಮೆ ಕರಕೊಂಡ ಹೋಗ್ತೀಯೇನ?" ಅಂದಳು. ಅದು ನಂದಿ ಬೆಟ್ಟದ ವಿಡಿಯೊ. ಕೆಳಗೆ ಹಾಲು ಚೆಲ್ಲಿದ ಹಾಗೆ ಮೋಡ, ಮೇಲೆ ಕೆಂಪು ಸೂರ್ಯ.

ಡಿಸೆಂಬರ್‌ನ ಒಂದು ಭಾನುವಾರ ಹೊರಟೆವು. ನಾನು, ನಮ್ಮವರು, ಎಂಟು ವರ್ಷದ ಮಗ, ಅವ್ವ. ಬೆಳಗಿನ ಜಾವ ನಾಲ್ಕಕ್ಕೇ ಮನೆ ಬಿಟ್ಟೆವು. ದೇವನಹಳ್ಳಿ ದಾಟುವವರೆಗೂ ದಾರಿ ಆರಾಮಾಗಿತ್ತು. ಬೆಟ್ಟದ ಬುಡಕ್ಕೆ ಬಂದರೆ ಕಾರು, ಬೈಕುಗಳ ಸಾಲು ಕಣ್ಣು ಹಾಯಿಸುವಷ್ಟು ದೂರಕ್ಕೂ ನಿಂತಿತ್ತು. ಸೂರ್ಯ ಹುಟ್ಟುವ ಹೊತ್ತಿಗೆ, ಅಂದರೆ 6.35ಕ್ಕೆ, ನಾವು ಘಾಟಿಯ ಒಂದು ತಿರುವಿನಲ್ಲಿದ್ದೆವು. ಕಾಣುತ್ತಿದ್ದದ್ದು ಮುಂದಿನ ಕಾರಿನ ಹಿಂದಿನ ದೀಪ ಮಾತ್ರ. ಮೇಲೆ ಗಾಡಿ ನಿಲ್ಲಿಸಿದಾಗ 7.20.

ಮೇಲೆ ದಟ್ಟ ಮಂಜು. ಹತ್ತು ಮಾರು ಆಚೆಯ ಮರ ಕಾಣುತ್ತಿರಲಿಲ್ಲ. ಗೋಡೆಯ ಉದ್ದಕ್ಕೂ ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಅವ್ವ ಅವರ ಭುಜದ ಸಂದಿಯಿಂದ ಇಣುಕಿ ನೋಡಿದಳು. ಬಿಳಿ ಗೋಡೆ ಬಿಟ್ಟರೆ ಏನೂ ಇಲ್ಲ.

"ಸೂರ್ಯಾ ಎಲ್ಲಿ ಅದಾನವಾ?"

"ಮಂಜಿನ ಹಿಂದ ಅದಾನವ್ವಾ. ಸ್ವಲ್ಪ ತಡಿ, ಕಾಣ್ತಾನ."

ಒಂಬತ್ತರವರೆಗೂ ಕಾದೆವು. ಕಾಣಲಿಲ್ಲ. ಆಮೇಲೆ ಕೋತಿ ಬಂದು ಅವ್ವನ ಎಲೆ ಅಡಿಕೆ ಸಂಚಿ ಕಿತ್ತುಕೊಂಡು ಹೋಯಿತು. ಆ ಕಥೆ ಮುಂದೆ ಹೇಳುತ್ತೇನೆ. ವಾಪಸ್ ಬರುವಾಗ ಅವ್ವ ಒಂದು ಮಾತೂ ಆಡಲಿಲ್ಲ. ನನಗೆ ಅದೇ ತಡೆಯಲಿಕ್ಕೆ ಆಗಲಿಲ್ಲ.

ಫೆಬ್ರವರಿಯಲ್ಲಿ ಅವಳನ್ನು ಮತ್ತೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ನಾನು ತುಂಬ ಜನರನ್ನು ಕೇಳಿದ್ದೆ, ಒಂದಷ್ಟು ಓದಿದ್ದೆ, ಒಬ್ಬಳೇ ಒಂದು ಸಲ ಹೋಗಿಯೂ ಬಂದಿದ್ದೆ. ಮನೆಯ ಹಿರಿಯರನ್ನೋ ಮಕ್ಕಳನ್ನೋ ಕರೆದುಕೊಂಡು ನಂದಿಗೆ ಹೋಗುವ ಆಸೆ ನಿಮಗಿದ್ದರೆ, ಹೊರಡುವ ಮುಂಚೆ ಇದನ್ನು ಓದಿಕೊಳ್ಳಿ.

ಮೊದಲು ಸೂರ್ಯೋದಯದ ಆಸೆ ಬಿಡಿ

ಇದು ಹೇಳುವುದು ಸುಲಭ, ಮನಸ್ಸಿಗೆ ಒಪ್ಪಿಸುವುದು ಕಷ್ಟ. ನಂದಿ ಅಂದರೆ ಸೂರ್ಯೋದಯ ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಆದರೆ ವಿಡಿಯೊದಲ್ಲಿ ಕಾಣುವ ಆ ಮೋಡದ ಸಮುದ್ರ ದಿನಾ ಸಿಗುವುದಿಲ್ಲ. ಯಾಕೆ ಅಂತ ತಿಳಿದುಕೊಂಡರೆ ಅರ್ಧ ಬೇಸರ ಕಡಿಮೆಯಾಗುತ್ತದೆ.

ಚಳಿಗಾಲದ ರಾತ್ರಿ ಗಾಳಿ ಇಲ್ಲದೆ, ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ತಗ್ಗಿನ ಕಡೆ ಇಳಿದು ನಿಲ್ಲುತ್ತದೆ. ನೆಲದಲ್ಲಿ, ಕೆರೆಯಲ್ಲಿ ನೀರು ಇದ್ದರೆ ಆ ಗಾಳಿಯ ತೇವ ಮಂಜಾಗುತ್ತದೆ. ಈ ಮಂಜು ತಗ್ಗಿನಲ್ಲೇ ಉಳಿದರೆ ಬೆಟ್ಟದ ನೆತ್ತಿ ಅದರ ಮೇಲೆ ಇರುತ್ತದೆ. ಆಗ ನೀವು ಮೇಲಿನಿಂದ ಮೋಡ ನೋಡುತ್ತೀರಿ. ಮಂಜಿನ ಪದರ ದಪ್ಪಗಿದ್ದರೆ, ಅಥವಾ ತಗ್ಗಿನ ಮೋಡ ಬಂದು ಬೆಟ್ಟಕ್ಕೇ ತಾಗಿದರೆ, ನೀವು ಮೋಡದ ಒಳಗೆ ಇರುತ್ತೀರಿ. ನಮಗೆ ಆದದ್ದು ಇದೇ. ಬೆಟ್ಟ 1,478 ಮೀಟರ್ ಎತ್ತರ ಇದೆ. ಆ ದಿನ ಮಂಜು ಅದಕ್ಕಿಂತ ಮೇಲೆ ಇತ್ತು ಅಷ್ಟೇ. ಅದು ಯಾರ ತಪ್ಪೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮೋಡ ಬೆಟ್ಟ ಬಿಟ್ಟು ಕದಲುವುದೇ ಕಡಿಮೆ. ಫೆಬ್ರವರಿ, ಮಾರ್ಚ್‌ನಲ್ಲಿ ಆಕಾಶ ತಿಳಿ. ಸೂರ್ಯ ಚೆನ್ನಾಗಿ ಕಾಣುತ್ತಾನೆ, ಆದರೆ ಕೆಳಗೆ ಮೋಡ ಇರುವುದಿಲ್ಲ.

ಇನ್ನೊಂದು ಲೆಕ್ಕ. ಈ ಕಡೆ ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಜೂನ್ ಮೊದಲ ವಾರದಲ್ಲಿ 5.55ರ ಆಸುಪಾಸು. ಅಂದರೆ ಐವತ್ತು ನಿಮಿಷದ ವ್ಯತ್ಯಾಸ. ಮೇಲಕ್ಕೆ ಗಾಡಿ ಬಿಡುವ ಸಮಯ ಎಷ್ಟು ಅಂತ ಹಿಂದಿನ ದಿನವೇ ತಿಳಿದುಕೊಂಡು, ಆ ದಿನದ ಸೂರ್ಯೋದಯದ ಸಮಯಕ್ಕೆ ಹೋಲಿಸಿ ನೋಡಿ. ಗೇಟು ತೆಗೆದ ಮೇಲೆ ಟಿಕೆಟ್, ಘಾಟಿ, ಪಾರ್ಕಿಂಗ್, ನಡಿಗೆ ಎಲ್ಲ ಸೇರಿ ರಜಾ ದಿನ ಒಂದೂವರೆ ಗಂಟೆಯೂ ಆಗಬಹುದು. ಲೆಕ್ಕ ಕೂಡದಿದ್ದರೆ ಬೆಳಗಿನ ಜಾವ ವಯಸ್ಸಾದವರನ್ನು ಎಬ್ಬಿಸಲೇಬೇಡಿ.

ವಾರಾಂತ್ಯದ ನಿಯಮಗಳು, ಬುಕಿಂಗ್, ಯಾವ ಗಾಡಿ ಬಿಡುತ್ತಾರೆ ಅನ್ನುವುದು ಆಗಾಗ ಬದಲಾಗುತ್ತವೆ. ಮಳೆಗಾಲದಲ್ಲಂತೂ ವಿಚಾರಿಸದೆ ಹೊರಡಬೇಡಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಬೆಟ್ಟಕ್ಕೆ ಯಾರನ್ನೂ ಬಿಟ್ಟಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ಒಂದೇ. ವಾರದ ನಡುವಿನ ದಿನ ಹೋಗಿ. ಅರ್ಧ ದಿನ ರಜೆ ಹಾಕಿಯಾದರೂ ಹೋಗಿ. ಬೆಟ್ಟಕ್ಕೆ ಒಂಬತ್ತರ ಮೇಲೆ ಹತ್ತಿ. ಅಷ್ಟು ಹೊತ್ತಿಗೆ ಬಿಸಿಲಿಗೆ ಮಂಜು ಕರಗಿರುತ್ತದೆ, ಸೂರ್ಯೋದಯದ ಗುಂಪು ಇಳಿದಿರುತ್ತದೆ. ಕೋತಿಗಳ ಕಾಟವೂ ಆಗ ಸ್ವಲ್ಪ ಕಡಿಮೆ.

ಕೋತಿಗಳ ವಿಷಯ

ಇಲ್ಲಿ ನಿಧಾನವಾಗಿ ಓದಿ. ನಂದಿಯಲ್ಲಿ ಜನರ ದಿನ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಆ ದಿನ ನಡೆದದ್ದು ಹೀಗೆ. ಅಮೃತ ಸರೋವರದ ಹತ್ತಿರ ಒಂದು ಕಟ್ಟೆಯ ಮೇಲೆ ಕೂತಿದ್ದೆವು. ಮಗನಿಗೆ ಹಸಿವು. ನಾನು ಬ್ಯಾಗಿನಿಂದ ಚಕ್ಕುಲಿ ಇದ್ದ ಪ್ಲಾಸ್ಟಿಕ್ ಕವರ್ ತೆಗೆದೆ. ಕವರ್ ಸರಸರ ಅಂದದ್ದೇ ತಡ, ಎದುರಿನ ಮರದಿಂದ ಎರಡು, ಹಿಂದಿನ ಗೋಡೆಯಿಂದ ಒಂದು ಇಳಿದವು. ಮೊದಲನೆಯದು ಕವರನ್ನೇ ಕಿತ್ತುಕೊಂಡಿತು. ಮಗ ಚೀರಿದ. ನಮ್ಮವರು ಎದ್ದು ಕೈ ಬೀಸಿದರು. ಅಷ್ಟರಲ್ಲಿ ಇನ್ನೊಂದು ಅವ್ವನ ಮಡಿಲಿಗೆ ಕೈ ಹಾಕಿತು. ಅವ್ವ ಆಗಷ್ಟೇ ಸೊಂಟದಿಂದ ಸಂಚಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕೋತಿ ಎಳೆಯಿತು, ಅವ್ವ ಬಿಡಲಿಲ್ಲ. ಅದು ಹಲ್ಲು ತೋರಿಸಿ ಗುರ್ ಅಂತು. ಅವ್ವ ಬೆದರಿ ಕೈ ಬಿಟ್ಟಳು.

ಆ ಸಂಚಿ ನಮ್ಮ ಅಜ್ಜಿ ಹೊಲಿದದ್ದು. ನಾಲ್ಕು ಕಿಸೆ ಇದೆ. ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಬಿಪಿ ಗುಳಿಗೆ, ಒಂದರಲ್ಲಿ ಮಡಚಿಟ್ಟ ನೋಟು. ಜೊತೆಗೆ ಅವಳ ಕನ್ನಡಕ. "ನನ್ನ ಚಾಳೀಸ ಹೋತವಾ" ಅಂದಳು ಅವ್ವ. ಸಂಚಿ ಹೋಯಿತು ಅನ್ನಲಿಲ್ಲ. ಅದನ್ನು ಹೇಳಲಿಕ್ಕೆ ಅವಳಿಗೆ ಬಾಯಿ ಬರಲಿಲ್ಲ ಅಂತ ಆಮೇಲೆ ನನಗೆ ಗೊತ್ತಾಯಿತು.

ನಮ್ಮವರು ಅದರ ಹಿಂದೆ ಓಡಲಿಕ್ಕೆ ಹೊರಟರು. ಅಲ್ಲೇ ಸೌತೆಕಾಯಿ ಹೆಚ್ಚಿ ಮಾರುತ್ತಿದ್ದ ಹೆಂಗಸು ಕೂಗಿ ತಡೆದರು. "ಓಡ್ಬೇಡಿ ಅಣ್ಣ. ನೀವು ಓಡಿದ್ರೆ ಅದು ಮರದ ತುದಿಗೆ ಹೋಗುತ್ತೆ. ಸುಮ್ನೆ ನಿಂತ್ಕೊಳ್ಳಿ. ತಿನ್ನೋದೇನಿಲ್ಲ ಅಂತ ಗೊತ್ತಾದ್ರೆ ಅದೇ ಬಿಸಾಕುತ್ತೆ."

ನಿಂತೆವು. ಕೋತಿ ಕಲ್ಲಿನ ಮೇಲೆ ಕೂತು ಒಂದೊಂದೇ ಕಿಸೆ ಬಿಚ್ಚಿತು. ಅಡಿಕೆ ಬಾಯಿಗೆ ಹಾಕಿ ಉಗುಳಿತು. ಸುಣ್ಣದ ಡಬ್ಬಿ ಮೂಸಿ ಬಿಸಾಕಿತು. ಗುಳಿಗೆಯ ಪಟ್ಟಿ ಕಚ್ಚಿತು. ನನಗೆ ಆಗ ಅದರ ಬಗ್ಗೆಯೂ ಭಯವಾಯಿತು. ಮನುಷ್ಯರ ಬಿಪಿ ಗುಳಿಗೆ ಅದರ ಹೊಟ್ಟೆಗೆ ಹೋದರೆ ಏನು ಗತಿ? ಪುಣ್ಯಕ್ಕೆ ಕಹಿ ತಾಗಿರಬೇಕು, ಬಿಟ್ಟಿತು. ಐದಾರು ನಿಮಿಷದ ಮೇಲೆ ಸಂಚಿಯನ್ನು ಅಲ್ಲೇ ಬಿಟ್ಟು ಹೋಯಿತು. ಕನ್ನಡಕದ ಒಂದು ಕಡ್ಡಿ ಸೊಟ್ಟಗಾಗಿತ್ತು. ಸಂಚಿಯ ಒಂದು ಕಿಸೆ ಹರಿದಿತ್ತು.

ಆ ಹೆಂಗಸು ಹೇಳಿದ ಮಾತು ನೂರಕ್ಕೆ ನೂರು ಸರಿ. ಅದನ್ನೇ ಈಗ ನಿಮಗೆ ಬಿಡಿಸಿ ಹೇಳುತ್ತೇನೆ.

ನಂದಿಯಲ್ಲಿ ಇರುವುದು ನಮ್ಮ ಊರುಗಳಲ್ಲೂ ಕಾಣುವ ಕೋತಿಯೇ. ನೆತ್ತಿಯ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟ ಹಾಗೆ ಕೂದಲು. ಅದಕ್ಕೇ ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಅನ್ನುತ್ತಾರೆ. ಇದು ದಕ್ಷಿಣ ಭಾರತದ ಕೋತಿ. ಉತ್ತರದ ಕಡೆ ದೇವಸ್ಥಾನಗಳಲ್ಲಿ ಕಾಣುವುದು ಬೇರೆ ಜಾತಿ. ಕಾಡಿನಲ್ಲಿ ಇದು ಆಲ, ಅತ್ತಿ ಜಾತಿಯ ಹಣ್ಣು, ಚಿಗುರು, ಹುಳ ಹುಡುಕಿ ತಿನ್ನುತ್ತದೆ. ಅದಕ್ಕೆ ದಿನದ ಬಹಳ ಹೊತ್ತು ಬೇಕು. ಒಂದು ಬಿಸ್ಕತ್ ಪ್ಯಾಕೆಟ್ ಸಿಕ್ಕರೆ ಆ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೆನ್ನೆಯ ಒಳಗೆ ಚೀಲ ಇದೆ. ಸಿಕ್ಕಿದ್ದನ್ನು ಅಲ್ಲಿ ತುಂಬಿಕೊಂಡು ಓಡಿ, ಆಮೇಲೆ ಆರಾಮಾಗಿ ಅಗಿಯುತ್ತದೆ. ಕಿತ್ತುಕೊಂಡು ಓಡಲಿಕ್ಕೆ ಅದರ ಮೈಯೇ ಅನುಕೂಲ. ಕಿತ್ತುಕೊಳ್ಳುವುದನ್ನು ಕಲಿಸಿದವರು ಮಾತ್ರ ನಾವು. ನಗುತ್ತಾ ಕೈಯಿಂದ ಕಡಲೆಕಾಯಿ ಕೊಟ್ಟವರು, ಫೋಟೊಗೆ ಚಿಪ್ಸ್ ಎತ್ತಿ ತೋರಿಸಿದವರು.

ಹೀಗಾಗಿ ಅವು ಕೆಲವು ಗುರುತು ಇಟ್ಟುಕೊಂಡಿವೆ. ಪ್ಲಾಸ್ಟಿಕ್ ಕವರ್, ಅದರ ಸದ್ದು, ಬಣ್ಣದ ಪ್ಯಾಕೆಟ್, ಬಾಟಲಿ, ಮಡಿಲಲ್ಲಿ ಇಟ್ಟ ಸಣ್ಣ ಚೀಲ, ಜೇಬಿಗೆ ಹೋಗುವ ಕೈ. ಒಳಗೆ ಏನಿದೆ ಅಂತ ಅವಕ್ಕೆ ಗೊತ್ತಿಲ್ಲ. ತಿಂಡಿ ಇರುತ್ತದೆ ಅನ್ನುವ ನಂಬಿಕೆ. ಅವ್ವನ ಸಂಚಿ ಹೋದದ್ದೂ ಹೀಗೆಯೇ.

ಆದ್ದರಿಂದ ಮನೆಯಲ್ಲೇ ತಯಾರಿ ಮಾಡಿಕೊಳ್ಳಿ. ಕವರ್ ಒಂದೂ ಬೇಡ. ತಿಂಡಿ ತೆಗೆದುಕೊಂಡು ಹೋಗುವುದಾದರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಾರಿನಲ್ಲೇ ಬಿಡಿ. ತಿನ್ನಬೇಕಾದಾಗ ಕಾರಿನ ಒಳಗೆ ಕೂತು, ಗಾಜು ಏರಿಸಿಕೊಂಡು ತಿನ್ನಿ. ಗಾಜು ನಾಲ್ಕು ಬೆರಳು ಇಳಿದಿದ್ದರೂ ಸಾಕು, ಕೈ ಒಳಗೆ ಬರುತ್ತದೆ. ಬಸ್ಸಿನಲ್ಲಿ ಹೋಗುವವರು ಬೆಟ್ಟದ ಕೆಳಗೇ ತಿಂಡಿ ಮುಗಿಸಿಕೊಳ್ಳಿ. ನೀರಿನ ಬಾಟಲಿ ಬ್ಯಾಗಿನ ಹೊರಗಿನ ಜಾಲರಿಯಲ್ಲಿ ಬೇಡ, ಒಳಗೆ ಇರಲಿ. ಬ್ಯಾಗಿಗೆ ಗಟ್ಟಿ ಜಿಪ್ ಇರಬೇಕು. ಅದನ್ನು ಎದೆಯ ಕಡೆ ಹಾಕಿಕೊಳ್ಳಿ. ಗುಳಿಗೆ, ಕನ್ನಡಕ, ಕಾರಿನ ಕೀಲಿ ಎಲ್ಲ ಒಳಗಿನ ಜಿಪ್ಪಿನಲ್ಲಿ ಇರಲಿ. ಹಿರಿಯರ ಗುಳಿಗೆ ಎರಡು ಕಡೆ ಇಡಿ, ಒಂದು ಪಟ್ಟಿ ಕಾರಿನಲ್ಲಿ. ಹೂ ಮುಡಿದುಕೊಂಡು ಹೋದರೆ ಅದಕ್ಕೂ ಕೈ ಹಾಕಬಹುದು. ಮಕ್ಕಳ ಕೈಯಲ್ಲಿ ಜ್ಯೂಸು, ಐಸ್ ಕ್ರೀಮು ಖಂಡಿತ ಬೇಡ. ಮಗು ಕೋತಿಯ ಎತ್ತರಕ್ಕೇ ಇರುತ್ತದೆ. ಬಾಯಿ ಹತ್ತಿರ ಹಿಡಿದ ತಿಂಡಿಗೆ ಅದು ಹಾರಿದರೆ ಉಗುರು ತಾಗುವುದು ಮುಖಕ್ಕೆ.

ಕೋತಿ ಹತ್ತಿರ ಬಂದಾಗ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಅವುಗಳ ಲೋಕದಲ್ಲಿ ಅದು ಜಗಳಕ್ಕೆ ಕರೆದ ಹಾಗೆ. ಅದು ಹುಬ್ಬು ಮೇಲೆತ್ತಿ, ಬಾಯಿ ತೆರೆದು ನಿಮ್ಮನ್ನೇ ದಿಟ್ಟಿಸಿದರೆ ಎಚ್ಚರಿಕೆ ಕೊಡುತ್ತಿದೆ ಅಂತ ಅರ್ಥ. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ನಿಧಾನವಾಗಿ ಹಿಂದೆ ಸರಿಯಿರಿ. ಓಡಬೇಡಿ. ಬೆನ್ನು ತೋರಿಸಬೇಡಿ. ಮಗುವನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಕೈಯಲ್ಲಿ ಏನೂ ಇಲ್ಲ ಅಂತ ಎರಡೂ ಅಂಗೈ ಬಿಚ್ಚಿ ತೋರಿಸಿ. ಇದು ನಾನೇ ಮಾಡಿ ನೋಡಿದ್ದೇನೆ. ಅದು ನನ್ನ ಕೈ ನೋಡಿತು, ಪಕ್ಕದವರ ಕಡೆ ಹೋಯಿತು. ಮರಿ ಇರುವ ತಾಯಿ ಕಂಡರೆ ಮಾತ್ರ ಫೋಟೊ ಆಸೆಯೂ ಬೇಡ, ದೂರ ಹೋಗಿಬಿಡಿ. ಮರಿ ಚೀರಿದರೆ ಇಡೀ ಗುಂಪು ಬರುತ್ತದೆ.

ಕೋಲು ಹಿಡಿದು ಹೋಗಬೇಕಾ ಅಂತ ಹಲವರು ಕೇಳುತ್ತಾರೆ. ಹಿರಿಯರ ಕೈಯಲ್ಲಿ ಊರುಗೋಲು ಇದ್ದರೆ ಒಳ್ಳೆಯದೇ. ಅದನ್ನು ನೆಲಕ್ಕೆ ಕುಟ್ಟಿ ಸದ್ದು ಮಾಡಿದರೆ ಸಾಕು. ಹೊಡೆಯಬೇಡಿ, ಕಲ್ಲು ಎಸೆಯಬೇಡಿ. ನೀವು ಎಸೆದ ಕಲ್ಲಿನ ಸಿಟ್ಟು ನಿಮ್ಮ ಹಿಂದೆ ಬರುವ ಮಗುವಿನ ಮೇಲೆ ತೀರುತ್ತದೆ.

ಕಿತ್ತುಕೊಂಡೇ ಬಿಟ್ಟಿತು ಅನ್ನಿ. ಎಳೆದಾಡಬೇಡಿ, ಬಿಟ್ಟುಬಿಡಿ. ಕಚ್ಚುವುದು ಹೆಚ್ಚಾಗಿ ಎಳೆದಾಡುವಾಗಲೇ. ಗುಂಪು ಕಟ್ಟಿಕೊಂಡು ಅಟ್ಟಿಸಿಕೊಂಡು ಹೋಗಬೇಡಿ. ಅದು ಬಂಡೆಯ ಅಂಚಿಗೆ ಹೋಗುತ್ತದೆ, ನೀವೂ ಹಿಂದೆ ಹೋಗುತ್ತೀರಿ. ಆ ಬೆಟ್ಟದಲ್ಲಿ ಅಂಚು ಅಂದರೆ ಆಟವಲ್ಲ. ದೂರ ನಿಂತು ಕಾಯಿರಿ.

ಬಾಳೆಹಣ್ಣು ತೋರಿಸಿದರೆ ವಾಪಸ್ ಕೊಡುತ್ತದೆ ಅಂತ ಅಲ್ಲೇ ಒಬ್ಬರು ಹೇಳಿದರು. ಕೊಡಬಹುದು. ಆದರೂ ಮಾಡಬೇಡಿ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಉಲುವಾಟು ಅನ್ನುವ ದೇವಸ್ಥಾನ ಇದೆ. ಅಲ್ಲಿಯ ಕೋತಿಗಳು ಪ್ರವಾಸಿಗಳ ಕನ್ನಡಕ, ಫೋನು ಕಿತ್ತುಕೊಂಡು, ತಿಂಡಿ ಕೊಟ್ಟರೆ ಮಾತ್ರ ಬಿಡುತ್ತವೆ. ಸಂಶೋಧಕರು ವರ್ಷಗಟ್ಟಲೆ ಅವುಗಳನ್ನು ಗಮನಿಸಿದ್ದಾರೆ. ಮರಿಗಳು ದೊಡ್ಡವಾಗುತ್ತಾ ಈ ವ್ಯಾಪಾರ ಕಲಿಯುತ್ತವಂತೆ. ಜನ ಯಾವುದಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ ಅಂತ ತಿಳಿದು, ಅದನ್ನೇ ಆರಿಸಿ ಕದಿಯುವಷ್ಟು ಬುದ್ಧಿ ದೊಡ್ಡ ಕೋತಿಗಳಿಗೆ ಬಂದಿದೆ. ನಾವು ಇಲ್ಲಿ ಒಂದೊಂದು ಬಾಳೆಹಣ್ಣು ಕೊಡುತ್ತಾ ಹೋದರೆ ನಂದಿಯಲ್ಲೂ ಅದೇ ಆಗುತ್ತದೆ. ಅವುಗಳಿಗೂ ಒಳ್ಳೆಯದಲ್ಲ. ತಿಂಡಿಗಾಗಿ ರಸ್ತೆ ಬದಿ ಕೂತ ಕೋತಿ ಗಾಡಿಯ ಅಡಿ ಸಿಗುತ್ತದೆ. ಇಳಿಯುವಾಗ ಒಂದು ತಿರುವಿನಲ್ಲಿ ಹಾಗೆ ಸತ್ತ ಒಂದನ್ನು ನೋಡಿದೆವು. ಪಕ್ಕದಲ್ಲೇ ಒಡೆದ ಕುರ್ಕುರೆ ಪ್ಯಾಕೆಟ್ ಬಿದ್ದಿತ್ತು. ಅವ್ವ ಕೈ ಮುಗಿದಳು.

ಕಚ್ಚಿದರೆ, ಪರಚಿದರೆ

ನಾನು ಲ್ಯಾಬ್ ಟೆಕ್ನಿಷಿಯನ್. ದಿನಾ ಆಸ್ಪತ್ರೆಯ ಜನರ ನಡುವೆ ಇರುವವಳು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೋತಿ ಕಚ್ಚಿದರೂ, ಉಗುರು ತಾಗಿ ಬರೀ ಗೀರಿದರೂ ರೇಬಿಸ್ ಬರಬಹುದು ಅಂತಲೇ ತಿಳಿದು ನಡೆಯಬೇಕು. ನಾಯಿ ಕಚ್ಚಿದರೆ ಏನು ಮಾಡುತ್ತೇವೋ ಅದನ್ನೇ ಮಾಡಬೇಕು. ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಅದಕ್ಕೇ ಬ್ಯಾಗಿನಲ್ಲಿ ಒಂದು ಸಣ್ಣ ಸೋಪು ಇಟ್ಟುಕೊಳ್ಳಿ. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ ಏನನ್ನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಲೂಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಟ್ಟದಿಂದ ಚಿಕ್ಕಬಳ್ಳಾಪುರ ಹತ್ತಿರ, ಅಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಕಚ್ಚಿ ಅಥವಾ ಪರಚಿ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅನ್ನುವ, ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೂಡ ಕೊಡುತ್ತಾರೆ. ಲಸಿಕೆ ಒಂದು ಸೂಜಿಗೆ ಮುಗಿಯುವುದಿಲ್ಲ. ಡಾಕ್ಟರು ಬರೆದುಕೊಟ್ಟ ಎಲ್ಲ ದಿನಗಳಲ್ಲೂ ಹೋಗಿ ಹಾಕಿಸಿಕೊಳ್ಳಲೇಬೇಕು. ಗಾಯ ಒಣಗಿತು, ಇನ್ನು ಯಾಕೆ ಅಂತ ಮೂರನೆಯದಕ್ಕೆ ಬಿಡುವವರು ಇದ್ದಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆ ಇಲ್ಲ.

ಕೆಳಗಿನ ನಂದಿಯಿಂದ ಶುರು ಮಾಡಿ

ಎರಡನೇ ಸಲ ಅವ್ವನನ್ನು ಕರೆದುಕೊಂಡು ಹೋದದ್ದು ಫೆಬ್ರವರಿಯ ಒಂದು ಬುಧವಾರ. ಮನೆ ಬಿಟ್ಟದ್ದು ಏಳು ಗಂಟೆಗೆ, ಇಡ್ಲಿ ತಿಂದು. ನೇರ ಬೆಟ್ಟಕ್ಕೆ ಹೋಗಲಿಲ್ಲ. ಬುಡದಲ್ಲಿ ನಂದಿ ಅಂತಲೇ ಒಂದು ಊರು ಇದೆ. ಅಲ್ಲಿ ಭೋಗನಂದೀಶ್ವರ ದೇವಸ್ಥಾನ. ಬೆಟ್ಟಕ್ಕೆ ಬರುವ ಎಷ್ಟೋ ಜನ ಇದರ ಕಡೆ ತಿರುಗಿಯೂ ನೋಡದೆ ಹೋಗುತ್ತಾರೆ. ನನಗೆ ನಿಜವಾಗಿಯೂ ಸಂಕಟವಾಗುವುದು ಇದಕ್ಕೆ. 9ನೇ ಶತಮಾನದಷ್ಟು ಹಳೆಯ ಜಾಗ. ಒಂದೇ ಪ್ರಾಕಾರದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ ಅಂತ ಅಕ್ಕಪಕ್ಕ ಎರಡು ದೊಡ್ಡ ಗುಡಿಗಳು. ನಡುವೆ ಉಮಾಮಹೇಶ್ವರನ ಸಣ್ಣ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳಲ್ಲಿ ಗಿಳಿ, ಬಳ್ಳಿ, ದೇವರುಗಳ ಮದುವೆ. ಕೆತ್ತನೆ ಎಷ್ಟು ನಯ ಅಂದರೆ ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಒಂದೊಂದೇ ಕಂಬ ನೋಡಿದಳು. ಒಳಗೆ ಶೃಂಗಿ ತೀರ್ಥ ಅನ್ನುವ ದೊಡ್ಡ ಕಲ್ಯಾಣಿ ಇದೆ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಗಳ ಮಂಟಪ, ನೆರಳು. ಅಲ್ಲಿ ಒಂದು ಗಂಟೆ ಕೂತೆವು. ಯಾರೂ ನಮ್ಮನ್ನು ಸರಿಯಿರಿ ಅನ್ನಲಿಲ್ಲ.

ಊರವರು ಹೇಳುವ ಪ್ರಕಾರ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟು ಕೂತ ಶಿವ. ಅವ್ವನಿಗೆ ಇದು ತುಂಬ ಹಿಡಿಸಿತು. "ಹಂಗಾರ ಕೆಳಗಿನಿಂದನ ನೋಡಿಕೊಂಡ ಹೋಗಬೇಕು" ಅಂದಳು. ಹೌದಲ್ವಾ? ಕ್ರಮ ಇರುವುದೇ ಹಾಗೆ. ನೀವೂ ಹಾಗೇ ಮಾಡಿ. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ, ತೇರು. ಜನಜಂಗುಳಿ ಬೇಡ ಅನ್ನುವವರು ಆ ವಾರ ಬಿಟ್ಟು ಹೋಗಿ.

ಬೆಟ್ಟ ಹತ್ತಿದ್ದು ಹತ್ತೂವರೆಗೆ. ಕಾಲಿನಲ್ಲಿ ಶಕ್ತಿ ಇರುವವರು ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಬಹುದು. 1,175 ಮೆಟ್ಟಿಲು. ಮಂಡಿ ನೋವಿನವರಿಗೆ ಬೇಡವೇ ಬೇಡ. ಘಾಟಿಯಲ್ಲಿ ಆ ದಿನ ನಮ್ಮ ಮುಂದೆ ಎರಡೇ ಕಾರು. ಮೇಲೆ ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ತಂಪು, ಗಾಳಿ ಬೇರೆ. ಹಿರಿಯರಿಗೆ ಒಂದು ಶಾಲು, ಕಿವಿಗೆ ಬಟ್ಟೆ ಮರೆಯಬೇಡಿ. ಚಪ್ಪಲಿ ಜಾರದ ಹಾಗಿರಲಿ.

ಕೋತಿಗಳು ಮರದ ನೆರಳಿನಲ್ಲಿ ಒಂದರ ತಲೆ ಒಂದು ನೋಡುತ್ತಾ ಕೂತಿದ್ದವು. ಬೆಳಿಗ್ಗೆ ಮತ್ತು ಸಂಜೆ ಅವು ಹೊಟ್ಟೆಪಾಡಿಗೆ ಓಡಾಡುವ ಹೊತ್ತು. ನಡು ಹೊತ್ತಿನಲ್ಲಿ ಹೆಚ್ಚಾಗಿ ವಿಶ್ರಾಂತಿ. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಒಂದು ತಿರುಗಿ ನೋಡಿತು ಅಷ್ಟೇ. ಮಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಅವನೇ, "ಅಮ್ಮ, ಅದು ಹೇನು ತೆಗೀತಿದೆ ನೋಡು" ಅಂತ ಮೆಲ್ಲಗೆ ಹೇಳಿದ. ಹೋದ ಸಲ ಹೆದರಿ ಚೀರಿದ್ದ ಹುಡುಗ ದೂರದಿಂದ ಹತ್ತು ನಿಮಿಷ ನಿಂತು ನೋಡಿದ. ಮಕ್ಕಳಿಗೆ ಕೋತಿ ತೋರಿಸುವುದಾದರೆ ಹೀಗೆ ತೋರಿಸಿ.

ಟಿಪ್ಪು ಡ್ರಾಪ್ ಅನ್ನುವ ಬಂಡೆಯ ಅಂಚಿನ ಹತ್ತಿರ ಎಲ್ಲರೂ ಹೋಗುತ್ತಾರೆ. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರು ಅಂತ ಕಥೆ ಹೇಳುತ್ತಾರೆ. ಸುಮಾರು 600 ಮೀಟರ್ ಆಳ. ಬೇಲಿಯ ಈ ಕಡೆ ನಿಂತು ನೋಡಿದರೆ ಸಾಕು. ಕೋಟೆಗೋಡೆಯನ್ನು ಮಾತ್ರ ಗಮನವಿಟ್ಟು ನೋಡಿ. ಹೈದರ್, ಟಿಪ್ಪು ಭದ್ರ ಮಾಡಿದ್ದ ಈ ಕೋಟೆಯನ್ನು 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು. ಆ ಕಡಿದಾದ ಬಂಡೆ ನೋಡಿದರೆ ಹೇಗೆ ಹತ್ತಿದರೋ ಅನ್ನಿಸುತ್ತದೆ.

ನನಗೆ ಇಷ್ಟವಾಗುವ ಸಂಗತಿ ಇನ್ನೊಂದು. 1927ರಲ್ಲಿ ಗಾಂಧೀಜಿ ಕಾಯಿಲೆ ಬಿದ್ದಾಗ ಸುಧಾರಿಸಿಕೊಳ್ಳಲು ಬಂದು ಉಳಿದದ್ದು ಈ ಬೆಟ್ಟದಲ್ಲಿ. 1936ರಲ್ಲಿ ಮತ್ತೆ ಬಂದಿದ್ದರು. ಅದಕ್ಕೂ ಮೊದಲು ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಇಲ್ಲಿ ಬಂಗಲೆ ಕಟ್ಟಿಸಿದ್ದರು. ಇವರೆಲ್ಲ ಬಂದದ್ದು ತಂಪು ಗಾಳಿಯಲ್ಲಿ ಸುಮ್ನೆ ಕೂರಲಿಕ್ಕೆ. ಬೆಟ್ಟ ಈಗಲೂ ಅದಕ್ಕೇ ಒಳ್ಳೆಯದು. ಹತ್ತು ನಿಮಿಷದ ಸೂರ್ಯನಿಗೆ ಅಂತ ಬಂದರೆ ಅದು ನಿಮ್ಮ ಕೈಗೆ ಸಿಗುವುದಿಲ್ಲ.

ಯೋಗನಂದೀಶ್ವರನಿಗೆ ಕೈ ಮುಗಿದು, ಗೋಡೆಯ ಹತ್ತಿರ ಒಂದು ಮರದಡಿ ಕೂತೆವು. ಮಂಜು ಇರಲಿಲ್ಲ. ಕೆಳಗೆ ದ್ರಾಕ್ಷಿ ತೋಟ, ಕೆರೆಗಳು, ಎದುರಿಗೆ ಬೆಟ್ಟಗಳ ಸಾಲು. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಎಲ್ಲ ಈ ಬೆಟ್ಟಗಳ ಸುತ್ತಲಿನಿಂದಲೇ ಹೊರಡುತ್ತವೆ ಅಂತ ಮಗನಿಗೆ ಹೇಳಿದೆ. ನೀರು ಎಲ್ಲಿದೆ ಅಂತ ಕೇಳಿದ. ಮಳೆಗಾಲದಲ್ಲಿ ಬರೋಣ ಅಂದೆ. ಅವ್ವ ಮಾತಾಡದೆ ಬಹಳ ಹೊತ್ತು ನೋಡುತ್ತಾ ಕೂತಿದ್ದಳು. ಆಮೇಲೆ, "ನಮ್ಮ ಕಪ್ಪತಗುಡ್ಡದ ಗಾಳಿನೂ ಹಿಂಗ ಐತಿ" ಅಂದಳು.

ಹನ್ನೆರಡೂವರೆಗೆ ಇಳಿದೆವು. ಹೊತ್ತಿದ್ದರೆ ಮುದ್ದೇನಹಳ್ಳಿಗೂ ಹೋಗಿ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಹತ್ತಿರವೇ ಇದೆ. ಅವರ ಸಮಾಧಿಯೂ ಅಲ್ಲೇ.

ಊಟ ಮಾತ್ರ ಬೆಟ್ಟ ಇಳಿದ ಮೇಲೆಯೇ ಮಾಡಿ. ನಾವು ರಸ್ತೆ ಬದಿಯಲ್ಲಿ ಎರಡು ಕಿಲೋ ಕಪ್ಪು ದ್ರಾಕ್ಷಿ ಕೊಂಡೆವು. ಅವ್ವ ಸೊಂಟದಲ್ಲಿ ಸಂಚಿ ಮುಟ್ಟಿ ನೋಡಿಕೊಂಡಳು. ಹರಿದ ಕಿಸೆಯನ್ನು ಅವಳೇ ಹೊಲಿದು, ಬಾಯಿಗೆ ಒಂದು ಗುಂಡಿ, ಸೊಂಟಕ್ಕೆ ಕಟ್ಟಲು ಒಂದು ಲಾಡಿ ಹಾಕಿಕೊಂಡಿದ್ದಳು. ಕಾರು ಹತ್ತಿ, ನಾಲ್ಕೂ ಗಾಜು ಏರಿಸಿದ ಮೇಲೆ ಅದನ್ನು ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದಳು.